ಸೋಫಾಕ್ಕೆ ಬಟ್ಟೆ ಆರಿಸಲು ಹೋಗಿದ್ದು

ನಮ್ಮ ಯಜಮಾನರಿಗೆ ಉಚ್ಚೆ ನಿಲ್ಲುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಲಕ್ವ ಹೊಡೆದು ಎದ್ದ ಮೇಲೆ ಶುರುವಾಯಿತು. ಕೈಕಾಲು ಸರಿಹೋಯಿತು, ಮಾತು ಬಂತು, ಅದೊಂದು ಹತೋಟಿಗೆ ಬರಲಿಲ್ಲ. ಡಾಕ್ಟರು ದೊಡ್ಡವರು ಹಾಕಿಕೊಳ್ಳುವ ಡೈಪರ್ ಬರೆದುಕೊಟ್ಟರು. ಒಂದು ಸಲ ಹಾಕಿಸಿಕೊಂಡರು, ಮಾರನೆಯ ದಿನ ಕಿತ್ತು ಬಚ್ಚಲಿಗೆ ಎಸೆದರು. "ನಾನೇನು ತೊಟ್ಟಿಲ ಕೂಸೇನೇ?" ಅಂದರು. ಅಲ್ಲಿಂದ ಮುಂದೆ ಹಳೆಯ ಟವೆಲ್ ಮಡಿಸಿ ಹಾಸುವುದು, ಒಗೆಯುವುದು, ಒಣಗಿಸುವುದು ನನ್ನ ಕೆಲಸ.

ಅವರು ಕೂರುವುದು ಹಾಲ್‌ನಲ್ಲಿ, ಸೋಫಾದ ಕಿಟಕಿ ಕಡೆಯ ಮೂಲೆಯಲ್ಲಿ. ಆ ಸೋಫಾದ ಮರ ಗುಬ್ಬಿ ಹತ್ತಿರದ ನಮ್ಮ ತೋಟದ ಹಲಸಿನದು. ತುಮಕೂರಲ್ಲಿ ಮನೆ ಕಟ್ಟಿದಾಗ ಅವರೇ ಮುಂದೆ ನಿಂತು ಕೊಯ್ಯಿಸಿ ಮಾಡಿಸಿದ್ದು. ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದುದೂ ಆ ಮೂಲೆಯಲ್ಲೇ. ಮೇಲೆ ಕಂದು ಬಣ್ಣದ ರೆಕ್ಸಿನ್ ಇತ್ತು. ಬೇಸಿಗೆಯಲ್ಲಿ ತೊಡೆಗೆ ಅಂಟುತ್ತಿತ್ತು, ನಿಜ. ಆದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಒರೆಸುತ್ತಿದ್ದವಳು ನಾನು. ಬೇರೆಯವರಿಗೆ ಬಿಟ್ಟಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಆ ಮೂಲೆಯಲ್ಲಿ ಕೂತರೆ ಟಿವಿ ಕಾಣುತ್ತದೆ, ಗೇಟು ಕಾಣುತ್ತದೆ. ಬಂದವರು "ಏನ್ ಯಜಮಾನ್ರೇ, ಕಾಫಿ ಆಯ್ತಾ" ಎಂದು ಮಾತಾಡಿಸುತ್ತಾರೆ. ರೂಮಿನಲ್ಲಿ ಕೂತವನನ್ನು ಯಾರೂ ಏನೂ ಕೇಳುವುದಿಲ್ಲ.

ಮೊಮ್ಮಗಳಿಗೆ ಕುಣಿಗಲ್ ಕಡೆಯ ಹುಡುಗನ ಜೊತೆ ಮದುವೆ ಗೊತ್ತಾಗುವ ಹಾಗಿತ್ತು. ಅವರಿಬ್ಬರೂ ತಾವೇ ಮಾತಾಡಿಕೊಂಡಿದ್ದರು. ದೊಡ್ಡವರು ಬಂದು ಮನೆ ನೋಡಿ ಹೂಂ ಅನ್ನುವುದು ಬಾಕಿ ಇತ್ತು. ಒಂದು ದಿನ ಸೊಸೆ ಹಾಲ್ ನಡುವೆ ನಿಂತು ಸುತ್ತ ಕಣ್ಣಾಡಿಸಿದಳು.

"ಈ ರೆಕ್ಸಿನ್ ಮೇಲೆ ಯಾರನ್ನ ಕೂರ್ಸೋದು? ಒಳ್ಳೇ ಬಸ್ ಸ್ಟ್ಯಾಂಡ್ ಇದ್ದಂಗಿದೆ. ಬಟ್ಟೆ ಹಾಕ್ಸೋಣ. ನೀವೂ ಬನ್ನಿ ಅತ್ತೆ, ನೀವೂ ಆರಿಸ್ಬೇಕು."

ನನ್ನನ್ನೂ ಕರೆದಳಲ್ಲ ಎಂದು ಒಳ್ಳೆಯ ಸೀರೆ ಉಟ್ಟುಕೊಂಡು ಹೊರಟೆ. ಮಗ ಕಾರಿನಲ್ಲಿ ಕೂರಿಸಿಕೊಂಡು ಪೇಟೆಯ ಅಂಗಡಿಗೆ ಕರೆದುಕೊಂಡು ಹೋದ.

ಅಂಗಡಿಯವನು ತುಂಡು ಬಟ್ಟೆಗಳನ್ನು ಸೇರಿಸಿ ಹೊಲಿದ ದಪ್ಪ ದಪ್ಪ ಪುಸ್ತಕಗಳನ್ನು ಮುಂದೆ ಹರಡಿದ. ಒಂದು ಬಟ್ಟೆ ಗೋಣಿಚೀಲದ ಹಾಗೆ, ಒಂದು ಕುರಿಮರಿಯ ಬೆನ್ನಿನ ಹಾಗೆ. ಇನ್ನೊಂದರಲ್ಲಿ ಕೂರಿಗೆ ಹೊಡೆದ ರಾಗಿ ಹೊಲದ ಹಾಗೆ ಸಾಲು ಎದ್ದಿತ್ತು. ಸೊಸೆ ಒಂದೊಂದನ್ನೂ ಕಣ್ಣು ಮುಚ್ಚಿ ಸವರಿದಳು.

"ಮುಟ್ಟಿ ನೋಡಿ ಅತ್ತೆ. ಬರೀ ಕಲರ್ ನೋಡ್ಬಾರ್ದು. ಇದಕ್ಕೆ ಟೆಕ್ಸ್ಚರ್ ಅಂತಾರೆ."

ಮುಟ್ಟಿ ನೋಡಿದೆ. ಸಾಲು ಸಾಲಾಗಿದ್ದ ಆ ಬಟ್ಟೆ ಬೆರಳಿಗೆ ಮೆತ್ತಗೆ ಸಿಕ್ಕಿತು. ಚೆನ್ನಾಗಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಆ ಸಾಲಿನ ಸಂದಿಗೆ ಇಳಿದದ್ದು ಮೇಲೆ ಬರುವುದಿಲ್ಲ ಎಂದು ತಿಳಿಯಲು ಓದಿರಬೇಕಾಗಿಲ್ಲ.

"ಏನಪ್ಪಾ," ಎಂದು ಅಂಗಡಿಯವನನ್ನು ಕೇಳಿದೆ, "ಇದ್ರ ಮೇಲೆ ಉಚ್ಚೆ ಹುಯ್ಕಂಡ್ರೆ ವಾಸ್ನೆ ಹೋಗುತ್ತಾ?"

ಪಕ್ಕದಲ್ಲಿ ಪರದೆ ಬಟ್ಟೆ ನೋಡುತ್ತಿದ್ದ ಗಂಡ ಹೆಂಡತಿ ತಿರುಗಿ ನೋಡಿದರು. ಸೊಸೆ ಕೈಯಲ್ಲಿದ್ದ ಪುಸ್ತಕ ಮುಚ್ಚಿದಳು. ಮಗ ಜೇಬಿನಿಂದ ಫೋನು ತೆಗೆದು ಕಿವಿಗೆ ಇಟ್ಟುಕೊಂಡು ಹೊರಗೆ ಹೋದ. ಫೋನು ಬಂದಿರಲಿಲ್ಲ.

"ಮನೇಲಿ ಮಗು ಐತಾ ಅಜ್ಜಿ?" ಅಂದ ಅಂಗಡಿಯವನು.

"ಐತೆ. ಎಂಬತ್ತು ವರ್ಷದ್ದು."

ಅವನು ನಗು ನುಂಗಿಕೊಂಡ. ವ್ಯಾಪಾರ ಬಲ್ಲವನು. ಲೋಟದಿಂದ ಒಂದಿಷ್ಟು ನೀರು ಬಟ್ಟೆಯ ಮೇಲೆ ಚೆಲ್ಲಿದ. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ನೀರು ಗುಂಡಗೆ ನಿಂತಿತು. "ನೋಡಿ, ಒಳಗೆ ಇಳಿಯಲ್ಲ" ಎಂದವನೇ ಟಿಶ್ಯೂ ಕಾಗದದಲ್ಲಿ ಒರೆಸಿಬಿಟ್ಟ.

"ಯಾಕಪ್ಪಾ ಒರೆಸ್ದೆ? ಅಲ್ಲೇ ಇರ್ಲಿ ಬುಡು. ನಾನೊಂದ್ ಕಾಫಿ ಕುಡ್ಕಂಡ್ ಬತ್ತೀನಿ, ಆಮೇಲೆ ನೋಡಾಣ."

"ಅಷ್ಟೊತ್ತು ಬಿಡ್ಬಾರ್ದು ಅಜ್ಜಿ. ಬಿದ್ದ ತಕ್ಷಣ ಒರೆಸ್ಬೇಕು."

"ಅವ್ರು ಹೇಳ್ಬುಟ್ಟು ಹುಯ್ಯಲ್ಲ ಕಣಪ್ಪಾ."

ಸೊಸೆ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. ಸಿಟ್ಟಿನಿಂದ ಅಲ್ಲ, ನಾನು ಏನೋ ಮರೆತಿದ್ದೇನೆ ಅನ್ನುವ ಹಾಗೆ ಮೆಲ್ಲಗೆ ಹೇಳಿದಳು: "ಅತ್ತೆ, ಮಾವ ಇನ್ಮೇಲೆ ರೂಮಲ್ಲೇ ಇರ್ತಾರಲ್ಲ. ಅವ್ರಿಗೆ ಅಂತಾನೇ ಒಂದು ಟಿವಿ ಹಾಕ್ಸೋಣ ಅಂದವ್ರೆ ಇವ್ರು."

ಅಲ್ಲಿಯವರೆಗೂ ನಾನು ಬಟ್ಟೆ ಆರಿಸಲು ಬಂದಿದ್ದೇನೆ ಅಂದುಕೊಂಡಿದ್ದೆ. ಆರಿಸುವುದೆಲ್ಲ ಮನೆಯಲ್ಲೇ ಮುಗಿದಿತ್ತು. ಗಾಜಿನ ಬಾಗಿಲಿನಿಂದ ಆಚೆ ನೋಡಿದೆ. ಮಗ ಇನ್ನೂ ಫೋನು ಕಿವಿಗಿಟ್ಟುಕೊಂಡು ನಿಂತಿದ್ದ, ತುಟಿ ಅಲ್ಲಾಡುತ್ತಿರಲಿಲ್ಲ. ಆಮೇಲೆ ಸೊಸೆ ಕೇಳಿದ್ದಕ್ಕೆಲ್ಲ ಹೂಂ ಅಂದೆ. ಬೂದಿ ಬಣ್ಣದ ಸಾಲಿನ ಬಟ್ಟೆಯೇ ಖಾಯಂ ಆಯಿತು.

ಕೆಲಸದವರು ಬಂದು ಮನೆ ಮುಂದೆ ಕೂತು ರೆಕ್ಸಿನ್ ಕಿತ್ತರು, ಹೊಸ ಸ್ಪಂಜು ಹಾಕಿದರು, ಬಟ್ಟೆ ಬಿಗಿದರು. ಯಜಮಾನರು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಅದನ್ನೇ ನೋಡುತ್ತ ಕೂತಿದ್ದರು. ಮರಕ್ಕೆ ಹುಳ ಹಿಡಿದಿಲ್ಲ ಎಂದು ಅವರಿಗೆ ಖುಷಿ. ಸೋಫಾ ಒಳಗೆ ಬಂದ ಸಂಜೆ ಕೋಲು ಊರಿಕೊಂಡು ತಮ್ಮ ಮೂಲೆಗೆ ಹೊರಟರು. ಸೊಸೆ "ಮಾವ, ಹೊಸದು, ಸ್ವಲ್ಪ ದಿನ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಅವರು ದಡ್ಡರಲ್ಲ. ಕೋಲು ತಿರುಗಿಸಿ ರೂಮಿಗೆ ಹೋದರು. ಟಿವಿ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಕುಣಿಗಲ್‌ನವರು ಒಂದು ಭಾನುವಾರ ಬಂದರು: ಹುಡುಗ, ಅವನ ಅಪ್ಪ ಅಮ್ಮ, ಜೊತೆಗೆ ಅವನ ತಾತ. ತಾತನದು ಮಾರ್ಕೋನಹಳ್ಳಿ ಕಾಲುವೆ ಕೆಳಗಿನ ಗದ್ದೆ. ಹೆಗಲ ಮೇಲೆ ಟವೆಲ್, ಗಟ್ಟಿ ಗಂಟಲು. ಸೊಸೆ "ಬನ್ನಿ, ಕೂತ್ಕೊಳ್ಳಿ" ಎಂದು ಹೊಸ ಸೋಫಾ ತೋರಿಸಿದಳು. ತಾತ ಕೂರಲಿಲ್ಲ.

"ಮನೆ ಯಜಮಾನ್ರು ಎಲ್ಲಿ?"

"ಅಪ್ಪಂಗೆ ಸ್ವಲ್ಪ ಹುಷಾರಿಲ್ಲ, ಮಲಗವ್ರೆ" ಅಂದ ನನ್ನ ಮಗ.

ಅಷ್ಟಕ್ಕೆ ರೂಮಿನೊಳಗಿಂದ ಕೆಮ್ಮು ಕೇಳಿಸಿತು. ಬೆಳಿಗ್ಗೆಯೇ ಇಸ್ತ್ರಿ ಅಂಗಿ ಹಾಕಿಕೊಂಡು ಮಂಚದ ಮೇಲೆ ಕೂತಿದ್ದವರು ಅವರು.

"ಕೆಮ್ಮು ಗಟ್ಟಿಯಾಗೇ ಐತಲ್ಲ!" ಅಂದರು ತಾತ. "ಬರ್ಲಿ, ಬರ್ಲಿ. ಹಿರೀಕ್ರು ಕೂರ್ದಲೆ ನಾವೆಂಗೆ ಕೂರಾದು? ನಿಂತಿರ್ತೀವಿ."

ಅವರು ನಿಂತರೆಂದು ಅವರ ಮಗ ನಿಂತ, ಮಗ ನಿಂತನೆಂದು ಅವನ ಹೆಂಡತಿ ನಿಂತಳು, ಹುಡುಗನೂ ನಿಂತ. ಹೊಸ ಸೋಫಾ ನಡುವೆ ಖಾಲಿ ಬಿದ್ದಿತ್ತು, ಎಲ್ಲರೂ ಹೆಣದ ಸುತ್ತ ನಿಂತ ಹಾಗೆ ಅದರ ಸುತ್ತ ನಿಂತಿದ್ದರು.

ನಾನು ಒಳಗೆ ಹೋಗಿ ಅಟ್ಟದ ಪೆಟ್ಟಿಗೆಯಿಂದ ಕರಿ ಕಂಬಳಿ ತೆಗೆದೆ. ನಮ್ಮ ಕಡೆ ಮದುವೆ ಮಾತಿಗೆ ಹಿರಿಯರು ಕೂರುತ್ತಿದ್ದುದು ಕಂಬಳಿ ಹಾಸಿಯೇ. ಟೌನಿಗೆ ಬಂದ ಮೇಲೆ ಎಲ್ಲ ಬಿಟ್ಟರು. ಆದರೆ ನಾನು ಅದನ್ನು ತೆಗೆದದ್ದು ಸಂಪ್ರದಾಯಕ್ಕಲ್ಲ. ಆ ಕಂಬಳಿ ಹೊದ್ದು ಯಜಮಾನರು ಹುಡುಗರಾಗಿದ್ದಾಗ ಮಳೆಯಲ್ಲಿ ದನ ಕಾದಿದ್ದರು, ಅದು ನೀರನ್ನು ಬೇಗ ಒಳಕ್ಕೆ ಬಿಡುವುದಿಲ್ಲ. ಕಿಟಕಿ ಕಡೆಯ ಮೂಲೆಗೆ ನಾಲ್ಕು ಮಡಿಕೆ ಮಾಡಿ ಹಾಸಿದೆ. ಸೊಸೆ ಕಣ್ಣಲ್ಲೇ ನನ್ನನ್ನು ಸುಟ್ಟಳು. ಯಜಮಾನರನ್ನು ಕೈಹಿಡಿದು ಕರೆತಂದು ಕೂರಿಸಿದೆ.

"ಆಹಾ, ಕರಿ ಕಂಬ್ಳಿ! ಈಗ ಮಾತಾಡ್ಬೋದು ಬುಡಿ" ಎನ್ನುತ್ತ ತಾತ ಅದರ ಅಂಚಿನ ಮೇಲೇ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತರು. ಆಮೇಲೆ ಎಲ್ಲರೂ ಕೂತರು.

ಮುದುಕರಿಬ್ಬರೂ ಮನೆಯ ಸುದ್ದಿ ಎತ್ತಲಿಲ್ಲ. ಕಾಲುವೆ ನೀರು, ತೆಂಗಿಗೆ ಬಿದ್ದ ನುಸಿ, ಕೂಲಿಯವರು ಸಿಗದಿರುವುದು, ಇದೇ ಮಾತು. ಎಷ್ಟೋ ದಿನದ ಮೇಲೆ ಯಜಮಾನರು ಜೋರಾಗಿ ನಕ್ಕರು. ಹುಡುಗನ ಅಮ್ಮ ಸೋಫಾ ಸವರಿ "ಬಟ್ಟೆ ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?" ಅಂದಾಗ ಸೊಸೆಯ ಮುಖ ಅರಳಿತು.

ಎರಡನೆಯ ಸಲ ಕಾಫಿ ಕೊಡುವಾಗ ಯಜಮಾನರು ಆಡುತ್ತಿದ್ದ ಮಾತನ್ನು ನಡುವೆಯೇ ನಿಲ್ಲಿಸಿದರು. ನನ್ನ ಕಡೆ ನೋಡಿದರು. ನನಗೆ ತಿಳಿಯಿತು. ತಾತ ನುಸಿಗೆ ಹೊಡೆಯುವ ಔಷಧಿ ವಿಷಯ ಹೇಳುತ್ತಲೇ ಇದ್ದರು.

ಹೊರಡುವ ಹೊತ್ತಾಯಿತು. ಬಂದವರನ್ನು ಗೇಟಿನವರೆಗೆ ಬಿಟ್ಟು ಬರಬೇಕಾದವರು ಮನೆಯ ಹಿರಿಯರು. ಯಜಮಾನರು ಕೋಲಿಗೆ ಕೈ ಹಾಕಿದರು, ಏಳಲಿಲ್ಲ. ತಾತ ಅವರ ಹೆಗಲು ಒತ್ತಿದರು.

"ನೀವು ಏಳ್ಬ್ಯಾಡಿ ಯಜಮಾನ್ರೇ, ಕೂತಿರಿ. ನಮ್ಮನೆಗೆ ಬಂದಾಗ ನಾನೂ ಏಳಲ್ಲ."

ತಿಳಿದು ಅಂದರೋ ತಿಳಿಯದೆ ಅಂದರೋ, ನಾನು ಕೇಳಲಿಲ್ಲ.

ಕಾರು ತಿರುಗಿದ್ದೇ ತಡ, ಸೊಸೆ ಓಡಿ ಬಂದಳು. ಮಾವ ಇನ್ನೂ ಕೂತಿರುವಾಗಲೇ ಕಂಬಳಿಯ ಅಂಚು ಎತ್ತಿ, ಕೆಳಗಿನ ಬಟ್ಟೆಯ ಮೇಲೆ ಅಂಗೈ ಒತ್ತಿ ನೋಡಿದಳು. ಒದ್ದೆಯಾಗಿರಲಿಲ್ಲ.

"ಸದ್ಯ" ಅಂದಳು.

ಅಷ್ಟೇ ಅಂದದ್ದು. ನಾನು ಅವರನ್ನು ಬಚ್ಚಲಿಗೆ ಕರೆದುಕೊಂಡು ಹೋದೆ.

ಸಂಬಂಧ ಕೂಡಿಬಂತು. ಕಂಬಳಿ ಹಾಸಿದ್ದು ಕುಣಿಗಲ್‌ನವರಿಗೆ ಬಹಳ ಹಿಡಿಸಿತಂತೆ. ಈಗ ಸೊಸೆ ಫೋನಿನಲ್ಲಿ ಎಲ್ಲರಿಗೂ "ನಮ್ಮನೇಲಿ ಇನ್ನೂ ಹಳೇ ಪದ್ಧತಿ" ಅನ್ನುತ್ತಾಳೆ. ನಾನು ಒಗೆದು ಒಣಗಿಸಿದ ಕಂಬಳಿಯನ್ನು ಬೀರುವಿನಲ್ಲಿ ಇಟ್ಟುಕೊಂಡಿದ್ದಾಳೆ. ಎಂಗೇಜ್‌ಮೆಂಟಿಗೆ ಬೇಕಂತೆ, ಫೋಟೋಗೆ ಚೆನ್ನಾಗಿರುತ್ತದಂತೆ.

ಸೋಫಾಕ್ಕೆ ಮಾರನೆಯ ದಿನವೇ ಪ್ಲಾಸ್ಟಿಕ್ ಕವರ್ ಬಂತು. ಅಷ್ಟು ಸವರಿ ಆರಿಸಿದ ಬಟ್ಟೆಯನ್ನು ಈಗ ಯಾರೂ ಮುಟ್ಟುವ ಹಾಗಿಲ್ಲ. ನಾನು ನೇರವಾಗಿ ಕೇಳಿದೆ: "ಪ್ಲಾಸ್ಟಿಕ್ ಹಾಕಿದೀಯಲ್ಲ, ಇನ್ನು ಒಳಕ್ಕೇನೂ ಇಳಿಯಲ್ಲ. ಅವ್ರು ಬಂದು ಕೂತ್ಕಬೋದಾ?"

"ನೋಡೋಣ ಅತ್ತೆ" ಅಂದಳು. ಮಗ ಪಕ್ಕದಲ್ಲೇ ಇದ್ದ. ಫೋನು ನೋಡುತ್ತಿದ್ದ.

ಅವರನ್ನು ರೂಮಿಗೆ ಹಾಕಿದ್ದಕ್ಕೆ ಕಾರಣ ರೆಕ್ಸಿನ್ನೂ ಅಲ್ಲ, ಬಟ್ಟೆಯೂ ಅಲ್ಲ ಎಂದು ನನಗೆ ಆಗ ಖಾತ್ರಿಯಾಯಿತು. ಅವತ್ತಿನಿಂದ ನಾನೂ ಅದರ ಮೇಲೆ ಕೂತಿಲ್ಲ.

ಮೊನ್ನೆ ರೂಮಿನಲ್ಲಿ ಟವೆಲ್ ಬದಲಿಸುವಾಗ ಯಜಮಾನರು ಕೇಳಿದರು, "ಆ ಬಟ್ಟೆ ಹೆಂಗೈತೆ ಕಣೇ, ಮುಟ್ಟಿದ್ರೆ?"

"ಅವತ್ತು ಕೂತಿದ್ರಲ್ಲ?"

"ನಾನು ಕೂತಿದ್ದು ಕಂಬ್ಳಿ ಮೇಲೆ."

"ಚುಚ್ಚುತ್ತೆ ಬುಡಿ. ನಿಮ್ಗೆ ಕೂರಾಕಾಗ್ತಿರ್ಲಿಲ್ಲ" ಅಂದೆ.

ಅವರು ಗೋಡೆ ಕಡೆ ತಿರುಗಿ ಮಲಗಿದರು. ಬಟ್ಟೆ ಮೆತ್ತಗಿತ್ತು.