ಕೂಸಿಗೆ ಬರೆದ ಮುಖ

ದೇವರು ಸರ್ವಾಂತರ್ಯಾಮಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ರಿಪೇರಿಗೆ ಬರಬೇಕಾದರೆ ದೇವರೂ ಗೋಣಿಚೀಲ ಸುತ್ತಿಕೊಂಡು ರೈಲಿನ ಸಾಮಾನು ಡಬ್ಬಿಯಲ್ಲೇ ಬರಬೇಕು. ಗೋಕಾಕದಲ್ಲಿ ನಾವು ಗೊಂಬೆ ಮಾಡುತ್ತಿದ್ದ ಪಡಸಾಲೆಗೆ ಕರಾವಳಿಯ ಕ್ರೈಸ್ತರ ಇಗರ್ಜಿಯೊಂದರ ಮರದ ಮಾತೆ, ಕಂಕುಳಲ್ಲಿ ಕೂಸಿನೊಡನೆ, ಬಂದದ್ದು ಹಾಗೆ.

ಜೊತೆಗೆ ಬಂದ ಪಾದ್ರಿಗಳು ಅವಳ ಚರಿತ್ರೆ ಹೇಳಿದರು. ಒಡೆದ ಹಡಗಿನ ಪಟಗಂಬದಿಂದ, ಬದುಕಿ ದಡ ಸೇರಿದ ನಾವಿಕನೊಬ್ಬ ಕೆತ್ತಿದ್ದಂತೆ. ಮೊದಲು ಮೀನುಗಾರರು ಹಾಕಿದ ತೆಂಗಿನ ಗರಿಯ ಚಪ್ಪರ, ಆಮೇಲೆ ಕೆಂಪು ಕಲ್ಲಿನ ಇಗರ್ಜಿ. ಇಷ್ಟು ಇತಿಹಾಸವಿದ್ದ ಮೂರ್ತಿಯ ಕೂಸಿನ ಮುಖವನ್ನು ಗೆದ್ದಲು, ಯಾವ ಭಕ್ತಿಯೂ ಇಲ್ಲದೆ, ತಿಂದುಹಾಕಿತ್ತು.

ಬಾಜೂ ಮನೆಯ ಕಾಕಾ ಇಣುಕಿದರು. "ಏನ್ರಿ, ಪರದೇಶದ ಬೀಗರು ಇಳದಾರಂತ! ಊಟಕ್ಕ ಏನ್ ಮಾಡೀರಿ?"

"ರೊಟ್ಟಿನ ಕಾಕಾ. ಅವರೇನು ನಿಮ್ಮಂಗ ತುಪ್ಪ ಕೇಳೂದಿಲ್ಲ," ಎಂದೆ.

ನನ್ನ ಹೆಂಡತಿ ನಗಲಿಲ್ಲ. ದೊಡ್ಡ ಲಡಾಯಿ ಮುಗಿದ ವರ್ಷ ಊರೂರನ್ನೇ ಬರಿದು ಮಾಡಿದ ಆ ಜ್ವರದಲ್ಲಿ, ಹುಕ್ಕೇರಿಯ ಅವಳ ತವರಿನಲ್ಲಿ, ನಮ್ಮ ಒಂದೇ ಕೂಸು ತೀರಿಕೊಂಡು ಆರು ತಿಂಗಳಾಗಿತ್ತು. ಒಂದೂವರೆ ವರ್ಷದ ಮಗ. ಫೋಟೋ ತೆಗೆಸಿರಲಿಲ್ಲ. ದಿನಬೆಳಗಾದರೆ ಗೊಂಬೆಗಳ ಮುಖ ಬರೆಯುವ ಮನೆಯಲ್ಲಿ ಅವನದೊಂದನ್ನು ಯಾರೂ ಬರೆದಿಟ್ಟಿರಲಿಲ್ಲ.

ನಾನು ಮೂರ್ತಿಯ ಕೂಸಿಗೆ ಹೊಸ ಮುಖ ಕೆತ್ತಿ ಕೂಡಿಸಿದೆ. ಬಣ್ಣದ ಕೆಲಸ ಅವಳದು.

"ಇದಕ್ಕ ನಮ್ಮ ಕೂಸಿನ ಮಾರಿ ಬರೀತೇನ್ರಿ," ಎಂದಳು.

"ಪಾದ್ರಿಗೋಳು ಏನಂದಾರು?"

"ಅವರ ಕೂಸಿನ ಮಾರಿ ಅವರರ ಯಾವಾಗ ನೋಡ್ಯಾರ?"

ಧರ್ಮಶಾಸ್ತ್ರದ ಈ ಪ್ರಶ್ನೆಯನ್ನು ಪಾದ್ರಿಗಳಿಗೇ ಬಿಟ್ಟು ನಾನು ಬಣ್ಣದ ಬಟ್ಟಲು ತೊಳೆದುಕೊಟ್ಟೆ. ಹುಣಸೆಬೀಜದ ಅಂಟಿನಲ್ಲಿ ಬಿಳಿಗಲ್ಲಿನ ಪುಡಿ ಕಲಸಿಕೊಂಡು ಅವಳು ಎಂಟು ದಿನ ಬರೆದಳು. ಎಡಹುಬ್ಬು ತುಸು ಮೇಲೆ, ಕೆಳತುಟಿ ಇನ್ನೇನು ಅಳುವಂತೆ. ಒಂಬತ್ತನೆಯ ದಿನ ಬೆಳಗ್ಗೆ ನೋಡಿದರೆ ಮಾತೆಯ ಕಂಕುಳಲ್ಲಿ ನಮ್ಮ ಮಗನಿದ್ದ.

ಉಳಿದದ್ದು ಮೆರುಗೆಣ್ಣೆ. ನಮ್ಮ ಬಣ್ಣವನ್ನು ತೇವದಿಂದ ಕಾಯುವುದು ಅದೊಂದೇ. ಮಾತೆಗೆ ಎರಡು ಸಲ ಹಚ್ಚಿದೆ. ಕೂಸಿನ ಮುಖದ ಹತ್ತಿರ ಕುಂಚ ಒಯ್ದಾಗ ಅವಳು ನನ್ನ ಕೈ ಹಿಡಿದಳು.

"ಬ್ಯಾಡ್ರಿ. ಹೊಳದ್ರ ಜ್ವರದಾಗ ಬೆವತಂಗ ಕಾಣ್ತಾನ."

ಹುಟ್ಟಿದಾಗಿನಿಂದ ಇದೇ ಕಸುಬಿನವನು ನಾನು. ಸಮುದ್ರದ ಗಾಳಿ ಏನು ಮಾಡೀತೆಂದು ಗೊತ್ತಿದ್ದೂ ಕುಂಚ ಕೆಳಗಿಟ್ಟೆ.

ಮಳೆಗಾಲ ಕಳೆದ ಮೇಲೆ ಅವನನ್ನು ನೋಡಲೆಂದು ಇಬ್ಬರೂ ಘಟ್ಟ ಇಳಿದೆವು. ಇಗರ್ಜಿಯೊಳಗೆ ಚಿನ್ನದ ರೇಕು ಹೊದಿಸಿದ ದ್ರಾಕ್ಷಿಬಳ್ಳಿಯ ಕಂಬಗಳು, ಬೆಸ್ತರು ಹರಕೆಗೆ ತೂಗಿಬಿಟ್ಟ ಮೇಣದ ದೋಣಿಗಳು. ಅವಳು ಯಾವುದನ್ನೂ ನೋಡದೆ ನೇರ ಹೋಗಿ ಮಾತೆಯೆದುರು ನಿಂತಳು. ಮಾತೆ ನಾವು ಕಳಿಸಿದಂತೆಯೇ ಇದ್ದಳು. ಕೂಸಿಗೆ ನೀಲಿ ಕಣ್ಣು, ಹಳದಿ ಕೂದಲು, ಯಾರದೋ ನಗು.

"ಮಳೆಗಾಲದ ಹವೆಗೆ ಕೂಸಿನ ಮುಖ ಬೂಷ್ಟು ಹಿಡಿಯಿತು," ಎಂದರು ಪಾದ್ರಿಗಳು, ತಗ್ಗಿದ ದನಿಯಲ್ಲಿ. "ಇಲ್ಲಿಯವರಿಂದಲೇ ಎಣ್ಣೆಬಣ್ಣ ಹಾಕಿಸಿದೆವು."

"ನಾ ಬರದದ್ದು ಅಡಿಯಾಗರ ಉಳದೈತೇನ್ರಿ?" ಎಂದು ಅವಳು ಕೇಳಿದಳು.

ಹಳೆಯ ಬಣ್ಣವನ್ನು ಮರದವರೆಗೂ ಕೆರೆದು ತೆಗೆದಿದ್ದರು.