ನೀಲಿ ರಟ್ಟಿನ ನೋಟ್‌ಬುಕ್

ಯಲಬುರ್ಗಾ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಕಲಿಸುತ್ತೇನೆ ಅನ್ನುವುದು ಬಾಯಿಮಾತು. ಪಾಠ ಓದಿ, ಕನ್ನಡದಲ್ಲಿ ಅರ್ಥ ಹೇಳಿ, ಪ್ರಶ್ನೋತ್ತರ ಬಾಯಿಪಾಠ ಮಾಡಿಸುತ್ತೇನೆ. ನನಗೂ ಹಾಗೆಯೇ ಮಾಡಿಸಿದ್ದರು. ಇಷ್ಟು ವರ್ಷಗಳಲ್ಲಿ ಯಾರ ಜೊತೆಗೂ ಐದು ನಿಮಿಷ ಇಂಗ್ಲಿಷ್ ಮಾತಾಡಿದವಳಲ್ಲ. ಫಲಿತಾಂಶ ಚೆನ್ನಾಗಿ ಬರುತ್ತಿದ್ದುದರಿಂದ ಅದು ಯಾರಿಗೂ ಗೊತ್ತಾಗಲಿಲ್ಲ.

ಎರಡು ವರ್ಷದ ಹಿಂದೆ ಹತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ತಂದೆ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಮನೆಯಲ್ಲಿ ನಮ್ಮ ಕಡೆಯ ಉರ್ದು, ಓಣಿಯಲ್ಲಿ ಕನ್ನಡ. ಎರಡನ್ನೂ ಅರಳು ಹುರಿದಂತೆ ಮಾತಾಡುತ್ತಿದ್ದಳು. ಕೊಪ್ಪಳದ ಒಂದು ಕಾಲೇಜಿನಲ್ಲಿ ಪ್ರತಿ ವರ್ಷ ಸರ್ಕಾರಿ ಶಾಲೆಯ ಒಬ್ಬ ಹುಡುಗಿಗೆ ಹಾಸ್ಟೆಲ್ ಸಮೇತ ಉಚಿತ ಸೀಟು ಕೊಡುತ್ತಿದ್ದರು. ಸಂದರ್ಶನ ಮಾತ್ರ ಇಂಗ್ಲಿಷಿನಲ್ಲಿ. ತಂದೆ ಮೊದಲೇ ಹೇಳಿಬಿಟ್ಟಿದ್ದರು.

"ಆ ಸೀಟ್ ಸಿಕ್ರ ಓದ್ಲಿ ಟೀಚರ್ರಿ. ಇಲ್ಲಂದ್ರ ಇಷ್ಟಕ್ಕ ಸಾಕು. ಮನ್ಯಾಗ ಹೊಲಿಗಿ ಐತಿ."

'ನನ್ನ ಬಗ್ಗೆ' ಅಂತ ನಾಲ್ಕು ಪುಟ ಇಂಗ್ಲಿಷಿನಲ್ಲಿ ತಯಾರಿಸಿದೆ. ಉಚ್ಚಾರ ತಪ್ಪದಿರಲೆಂದು ಅದನ್ನೇ ಕನ್ನಡ ಅಕ್ಷರದಲ್ಲಿ ನೀಲಿ ರಟ್ಟಿನ ನೋಟ್‌ಬುಕ್ಕಿಗೆ ಇಳಿಸಿಕೊಟ್ಟೆ. 'ಮೈ ನೇಮ್ ಈಜ್'ನಿಂದ 'ಥ್ಯಾಂಕ್ ಯೂ'ವರೆಗೆ. ತಿಂಗಳೊಳಗೆ ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿತ್ತು. ನಾನು ಬೀಗಿದೆ.

ಸಂದರ್ಶನದ ಕೋಣೆಗೆ ನನ್ನನ್ನೂ ಕರೆದರು. ಅವಳು ಅರ್ಧ ಪುಟ ಹೇಳುವಷ್ಟರಲ್ಲಿ ಎದುರಿಗಿದ್ದ ಮೇಡಂ ನಗುತ್ತಲೇ ತಡೆದು, ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀಯ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಮತ್ತೆ 'ಮೈ ನೇಮ್ ಈಜ್' ಎಂದು ಶುರುಮಾಡಿದಳು. ಅವರು ಇನ್ನೊಮ್ಮೆ ಕೇಳಿದರು. ಇವಳು ಇನ್ನೊಮ್ಮೆ ಮೊದಲಿನಿಂದ ಹೇಳಿದಳು. ಆ ಉತ್ತರವನ್ನು ನಾನು ಬರೆದುಕೊಟ್ಟಿರಲಿಲ್ಲ.

ಮೇಡಂ ನನ್ನತ್ತ ತಿರುಗಿ, ನೀವು ತರಗತಿಯಲ್ಲಿ ಇಂಗ್ಲಿಷ್ ಮಾತಾಡುವುದಿಲ್ಲವೇ ಎಂದು ಇಂಗ್ಲಿಷಿನಲ್ಲೇ ಕೇಳಿದರು. ಪ್ರಶ್ನೆ ಅರ್ಥವಾಯಿತು. ಉತ್ತರವೂ ಗೊತ್ತಿತ್ತು. ಬಾಯಿಗೆ ಒಂದು ವಾಕ್ಯ ಬರಲಿಲ್ಲ. "ಸಾರಿ ಮೇಡಂ" ಅಂದೆ. ನಾಚಿಕೆಯಿಂದ ಸತ್ತುಹೋದೆ.

ಸೀಟು ಸಿಗಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ನನ್ನ ಫೋನಿನಿಂದ ತಾಯಿಗೆ ಉರ್ದುವಿನಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಮೇಡಂ ಕೇಳಿದ್ದು, ತಾನು ಬೆಪ್ಪಾಗಿ ನಿಂತದ್ದು, ಎಲ್ಲವನ್ನೂ ಅವರವರ ದನಿ ತೆಗೆದು ಹೇಳಿದಳು. ಮುಂದಿನ ಸೀಟಿನವರು ತಿರುಗಿ ನೋಡಿ ನಕ್ಕರು. ಇಂಥ ನಾಲಿಗೆಯನ್ನು ನಾಲ್ಕು ಪುಟಕ್ಕೆ ಕಟ್ಟಿಹಾಕಿದವಳು ನಾನು.

"ಬೇಜಾರ್ ಆಗಬ್ಯಾಡ್ರಿ ಟೀಚರ್," ಎಂದಳು ಫೋನ್ ಕೊಡುತ್ತ. "ಅವ್ರು ನಡುವ ತಡದ್ರಲ್ರಿ, ಅದಕ್ಕ ಹಿಂಗಾತು. ನೀವು ಬರ್ದುಕೊಟ್ಟಿದ್ದು ಭಾಳ ಛಲೋ ಇತ್ತು."

ಈಗ ಅವಳು ಮನೆಯಲ್ಲಿ ಗಾದಿ ಹೊಲಿಯುತ್ತಾಳೆ. ಆಮೇಲೆ ನಾನು ತರಗತಿಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಲು ಹೋದೆ. ಮೂರನೇ ವಾಕ್ಯಕ್ಕೆ ನನ್ನ ಸರಕು ಮುಗಿಯಿತು. ಮತ್ತೆ ಹಳೆಯ ದಾರಿ ಹಿಡಿದೆ.

ಈ ವರ್ಷ ಅವಳ ತಂಗಿ ಹತ್ತನೇ ತರಗತಿಗೆ ಬಂದಿದ್ದಾಳೆ. ಮೊದಲ ವಾರವೇ ಆ ನೀಲಿ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟಳು.

"ನಮ್ಮಕ್ಕ ಕೊಟ್ಟಾಳ್ರಿ. ಆ ಸೀಟಿಗೆ ನಾನೂ ಹೋಗ್ತೀನ್ರಿ. ಪೂರಾ ಬಾಯಿಪಾಠ ಮಾಡೀನ್ರಿ."

ಬೇಡ ಅನ್ನೋಣವೆಂದರೆ ಕೊಡಲು ನನ್ನ ಬಳಿ ಬೇರೇನೂ ಇರಲಿಲ್ಲ. ಹೇಳು ಅಂದೆ. ಅವಳು ಕಣ್ಣು ಮುಚ್ಚಿದಳು. 'ಮೈ ನೇಮ್ ಈಜ್' ಎಂದು, ಅಲ್ಲಿ ಬರೆದಿದ್ದ ಹಾಗೆಯೇ, ಅಕ್ಕನ ಹೆಸರು ಹೇಳಿದಳು.