ಕಾಕು ಒಯ್ದ ಬಕೆಟ್ಟು

ಶಿಫ್ಟು ಬಿಟ್ಟ ಅರ್ಧ ತಾಸಿನೊಳಗೆ ಕಾಕುವಿನ ಹುಬ್ಬುಗಳು ಬೆಳ್ಳಗಾಗಿರುತ್ತಿದ್ದವು. ಕಣ್ಣರೆಪ್ಪೆಗೂ ಹಿಟ್ಟು ಮೆತ್ತಿದ ಹಾಗೆ ಬೂದು ಅಂಟಿರುತ್ತಿತ್ತು. ಮುಖ ತೊಳೆದು ಬಂದಳೆಂದರೆ ಮತ್ತೆ ಕಪ್ಪು ಹುಬ್ಬಿನ ಗಟ್ಟಿ ಹೆಂಗಸು. ಆಕೆ ಫ್ಯಾಕ್ಟರಿಯಲ್ಲಿ ಒಂದು ದಿನವೂ ಕೆಲಸ ಮಾಡಿದವಳಲ್ಲ. ಅಲ್ಲಿ ದುಡಿಯುತ್ತಿದ್ದವನು ಆಕೆಯ ಗಂಡ. ಸಿಮೆಂಟಿಗೆ ಕಲ್ನಾರು ಬೆರೆಸಿ ಚಾವಣಿಯ ಶೀಟು ಮಾಡುವ ಕೆಲಸ. ನನ್ನ ಗಂಡನೂ ಅಲ್ಲೇ ಇದ್ದ.

ನಾನು ರಾಯಚೂರಿನ ಕಡೆಯಿಂದ ಮದುವೆಯಾಗಿ ತೆಲುಗು ನಾಡಿನ ರಾಜಧಾನಿಯಲ್ಲಿರುವ ಕುಷಾಯಿಗೂಡಕ್ಕೆ ಬಂದಾಗ ಗಲ್ಲಿಯಲ್ಲಿ ಅರ್ಧಕ್ಕರ್ಧ ನಮ್ಮ ಕಡೆಯವರೇ. ಪಕ್ಕದ ಮನೆಯ ಕಾಕು ಕರೆಯುವುದಕ್ಕಷ್ಟೇ ಚಿಕ್ಕಮ್ಮ, ನನಗೆ ರಕ್ತಸಂಬಂಧಿಯೇನಲ್ಲ, ಆದರೂ ಮೊದಲ ದಿನವೇ ನನ್ನನ್ನು ವಶಪಡಿಸಿಕೊಂಡಳು. ತವರು ನೆನೆದು ಅಳುತ್ತಾ ಕೂತಿದ್ದರೆ, ಅತ್ತು ಮುಗಿದ ಮೇಲೆ ಹೇಳು, ಅಕ್ಕಿ ಆರಿಸುವುದಿದೆ ಅನ್ನುತ್ತಿದ್ದಳು. ನಾನು ಗಂಡನ ಖಾಕಿ ಅಂಗಿಯನ್ನು ಬಂದದ್ದು ಬಂದ ಹಾಗೇ ನೀರಿಗೆ ಹಾಕಿದೆ. ಮರುದಿನ ಕಾಲರು ಹಲಗೆಯಂತೆ ಬಿರುಸಾಗಿತ್ತು. ಕಾಕು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಒಣಗಿದ್ದಾಗ ಝಾಡಸು. ಒದ್ದಿ ಮಾಡಿದ್ರ ಸಿಮೆಂಟು ಅರಿವ್ಯಾಗ ಕಲ್ಲಾಗತೈತಿ.”

ಗಲ್ಲಿಯ ಸೊಸೆಯರಿಗೆಲ್ಲ ಈ ವಿದ್ಯೆ ಕಲಿಸಿದ ಗುರು ಆಕೆಯೇ. ದಿನಾ ಸಂಜೆ ಹಿತ್ತಲಲ್ಲಿ ಸಾಲಾಗಿ ನಿಂತು ಬಟ್ಟೆ ಕೊಡವಿ ಝಾಡಿಸುತ್ತಾ, ಆ ಧೂಳಿನಲ್ಲೇ ಅತ್ತೆಯಂದಿರನ್ನು ಆಡಿಕೊಳ್ಳುತ್ತಿದ್ದೆವು. ಎಂಥ ಸುಖ ಅನ್ನುತ್ತೀರಿ!

ಹತ್ತು ಹದಿನೈದು ವರ್ಷ ಹೀಗೇ ಹೋಯಿತು. ಆಮೇಲೆ ಕಾಕು ನಳದಿಂದ ಮನೆಗೆ ಬರುವಷ್ಟರಲ್ಲಿ ಎರಡು ಸಲ ಕೊಡ ಇಳಿಸತೊಡಗಿದಳು. ಒಣ ಕೆಮ್ಮು ಬಿಡಲೇ ಇಲ್ಲ. ಸರ್ಕಾರಿ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಎದೆಯ ಫೋಟೊ ನೋಡಿದ ಡಾಕ್ಟರು ಎಲ್ಲಿ ಕೆಲಸ ಮಾಡುತ್ತೀರಿ ಎಂದು ಕೇಳಿದರು. ಎಲ್ಲೂ ಇಲ್ಲ, ಮನೆಗೆಲಸ ಎಂದಳು. ಗಂಡನ ಕೆಲಸ ಕೇಳಿದರು. ಅವನ ಬಟ್ಟೆ ಯಾರು ಒಗೆಯುತ್ತಾರೆ, ಹೇಗೆ ಒಗೆಯುತ್ತಾರೆ ಎಂದು ಕೇಳಿದರು. ಕಾಕುವಿಗೆ ಎಲ್ಲಿಲ್ಲದ ಹುರುಪು. ಡಾಕ್ಟರ ಕುರ್ಚಿಯ ಮೇಲಿದ್ದ ಟವಲನ್ನೇ ಎತ್ತಿಕೊಂಡು ಒಂದು ಸಲ ಫಟ್ಟನೆ ಝಾಡಿಸಿ ತೋರಿಸಿದಳು.

ಡಾಕ್ಟರು ಟವಲನ್ನು ಆಕೆಯ ಕೈಯಿಂದ ತೆಗೆದುಕೊಂಡು ಪಕ್ಕಕ್ಕಿಟ್ಟರು. ಆಮೇಲೆ ಬಿಡಿಸಿ ಹೇಳಿದರು. ಕಲ್ನಾರಿನ ಎಳೆ ಕೂದಲಿಗಿಂತ ಸಣ್ಣದು, ಕಣ್ಣಿಗೆ ಕಾಣುವುದಿಲ್ಲ. ಉಸಿರಿನ ಜೊತೆ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ವರ್ಷಗಟ್ಟಲೆ ಕೂತು ಪುಪ್ಪುಸವನ್ನು ಗಟ್ಟಿ ಮಾಡುತ್ತದೆ, ಅದನ್ನು ತೆಗೆಯುವ ಔಷಧಿಯಿಲ್ಲ. ಕಾಕು ತನ್ನ ಬಗ್ಗೆ ಏನೂ ಕೇಳಲಿಲ್ಲ.

“ನಾ ಕಲಿಸಿದವರಿಗೂ ಹಿಂಗ ಆಗತೈತೇನ್ರಿ?” ಅಂದಳು.

ಬಸ್ಸಿಳಿದು ಮನೆಗೆ ಹೋಗಲಿಲ್ಲ. ಏದುಸಿರು ಬಿಡುತ್ತಾ ಒಂದೊಂದೇ ಬಾಗಿಲು ತಟ್ಟಿದಳು. ತಾನು ತಪ್ಪು ಕಲಿಸಿದ್ದೇನೆ, ಇವತ್ತಿನಿಂದ ಯಾರೂ ಝಾಡಿಸಬೇಡಿ ಎಂದು ಎಲ್ಲರಿಗೂ ಹೇಳಿದಳು. ಸುಳ್ಳು ಯಾಕೆ ಹೇಳಲಿ, ಆ ದಿನ ನನಗೆ ಆಕೆಯ ಮೇಲೇ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದೆ: ಇಷ್ಟು ವರ್ಷ ಗುರುವಾಗಿದ್ದವರು ಯಾರು ಹೀಗೆ ಬಾಗಿಲು ಬಾಗಿಲಿಗೆ ಹೋಗಿ ಹೇಳುತ್ತಾರೆ?

ಮರುದಿನ ಕಾಕು ಗಂಡನ ಬಟ್ಟೆಯನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ, ತಟ್ಟೆ ಮುಚ್ಚಿ, ಇಳಿಸುತ್ತಾ ಎತ್ತುತ್ತಾ ಫ್ಯಾಕ್ಟರಿಯ ದಾರಿ ಹಿಡಿದಳು. ಹಿಂದೆ ನಮ್ಮ ನಮ್ಮ ಬಕೆಟ್ಟು ಹಿಡಿದು ನಾವು. ನೌಕರಿ ಹೋಗುತ್ತದೆ ಎಂದು ಗಂಡಂದಿರು ಹೌಹಾರಿದರು. ಕಾಕು ತಿರುಗಿ ನಿಂತಳು: “ನೀವು ಒಳಗಿನವರು, ಹೆದರ್ರಿ. ನಾವು ಅವರ ಆಳಲ್ಲ. ನಮ್ಮನ್ನ ಎಲ್ಲಿಂದ ತಗದು ಹಾಕ್ತಾರ?”

ಬಕೆಟ್ಟುಗಳನ್ನು ಗೇಟಿನ ಮುಂದೆ ಸಾಲಾಗಿ ಇಟ್ಟೆವು. ನಿಮ್ಮ ಧೂಳು ನೀವೇ ತೊಳೆಯಿರಿ ಎಂದು ಕಾಕು ಕನ್ನಡದಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ಒಂದೊಂದು ಸಲ ಹೇಳಿದಳು. ಖಾಕಿಯಿಲ್ಲದೆ ಬಂದ ಗಂಡಸರನ್ನು ಮೇಸ್ತ್ರಿ ಒಳಗೆ ಬಿಡಲಿಲ್ಲ. ಮೂರನೆಯ ದಿನಕ್ಕೆ ಮಿಷನ್ನು ನಿಂತಿತು. ಮ್ಯಾನೇಜರು ಕಾಕುವನ್ನು ಕರೆಸಿದ. ಜೊತೆಗೆ ನಾನೂ ಹೋದೆ.

ಫ್ಯಾಕ್ಟರಿಯಲ್ಲೇ ಬಟ್ಟೆ ಬದಲಿಸಿ ತೊಳೆಯುವ ಕೋಣೆ ಮಾಡಿಸುತ್ತೇವೆ, ಆದರೆ ಒಂದು ಕಾಗದಕ್ಕೆ ಸಹಿ ಬೇಕು ಎಂದ. ಕಾಕು, ತನ್ನದು ಚಿಕ್ಕಂದಿನಿಂದಲೂ ಇರುವ ಉಬ್ಬಸ, ಅದಕ್ಕೂ ಫ್ಯಾಕ್ಟರಿಗೂ ಸಂಬಂಧವಿಲ್ಲ ಎಂದು ಬರೆದುಕೊಡಬೇಕಂತೆ. ನನಗೆ ಮೈಯೆಲ್ಲ ಉರಿಯಿತು. ಸುಳ್ಳಿಗೆ ಸಹಿ ಮಾಡಬೇಡ ಎಂದು ಕೈ ಹಿಡಿದುಕೊಂಡೆ.

“ನಿನ್ನ ಎದಿ ಇನ್ನೂ ಚಲೋ ಐತಿ,” ಅಂದಳು. “ನನ್ನ ಖರೇ ಇಟ್ಕೊಂಡು ನೀ ಏನ್ ಮಾಡ್ತಿ?”

ಆದರೂ ಕೋಣೆಯ ನಳದಲ್ಲಿ ನೀರು ಬಂದದ್ದನ್ನು ಕಣ್ಣಾರೆ ನೋಡುವ ತನಕ ಪೆನ್ನು ಮುಟ್ಟಲಿಲ್ಲ. ಸಹಿ ಮಾಡಿ ಹೊರಗೆ ಬಂದವಳೇ ಗೇಟಿನ ವಾಚ್‌ಮನ್ನನಿಗೆ ಹೇಳಿದಳು, ತನ್ನನ್ನು ತಿನ್ನುತ್ತಿರುವುದು ಈ ಬಟ್ಟೆಯ ಧೂಳೇ ಎಂದು. ಬಸ್‌ಸ್ಟಾಪಿನಲ್ಲಿ ಹೇಳಿದಳು, ರೇಷನ್ ಸಾಲಿನಲ್ಲಿ ಹೇಳಿದಳು, ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಿ ಹೇಳಿದಳು. ರಾಜಧಾನಿಯಲ್ಲೇ ಇದ್ದೇವೆ, ಅರ್ಜಿಗೆ ಟಪಾಲು ಯಾಕೆ ಅನ್ನುತ್ತಿದ್ದಳು. ಬರೆದುಕೊಟ್ಟದ್ದು ಮರೆತುಹೋಯಿತೇ ಎಂದು ಮ್ಯಾನೇಜರು ಹೇಳಿಕಳಿಸಿದ. ಕಾಕು ಉತ್ತರ ಕಳಿಸಿದಳು: “ಸಹಿ ಕೈ ಮಾಡೈತಿ. ಬಾಯಿ ಮಾಡಿಲ್ಲ.”

ಎರಡು ವರ್ಷ ಹಾಗೆ ಹೇಳಿದಳು, ಕೊನೆಗೆ ಒಂದು ಮಾತಿಗೆ ಎರಡು ಉಸಿರು ತೆಗೆದುಕೊಂಡು. ಮಲಗಲಾಗದೆ ಗೋಡೆಗೆ ಒರಗಿಕೊಂಡೇ ಒಂದು ಮಧ್ಯಾಹ್ನ ಹೋದಳು.

ಮಣ್ಣು ಮಾಡುವ ಮೊದಲು ಫ್ಯಾಕ್ಟರಿಯ ಆಫೀಸಿನವನೊಬ್ಬ ಹಾರ ಹಿಡಿದು ಬಂದ. ಬಂದವರೆದುರು, ಪಾಪ, ಮೊದಲಿಂದಲೂ ಉಬ್ಬಸವಿತ್ತು ಎಂದು ಮರುಗಿದ. ಕಾಕುವಿನ ಗಂಡ ತಲೆ ತಗ್ಗಿಸಿದ. ನನ್ನ ಗಂಡನೂ ತಗ್ಗಿಸಿದ. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ.

“ಉಬ್ಬಸ ಅಲ್ಲರಿ, ನಿಮ್ಮ ಫ್ಯಾಕ್ಟರಿ ಧೂಳು,” ಅಂದೆ. “ನಾ ಯಾವ ಕಾಗದಕ್ಕೂ ಸಹಿ ಮಾಡಿಲ್ಲ.”